ಬೆಳಕು ಅಗ್ಗವಾದ ಬಗೆ

(ಶತಮಾನೋತ್ಸವ ಉಪನ್ಯಾಸಮಾಲೆಯಲ್ಲಿ ಶಾಲಾ ವಿಜ್ಞಾನ ಸಂಘದ ಪರವಾಗಿ ನೀಡಿದ ಉಪನ್ಯಾಸದ ಪಠ್ಯ)



ಈ ಉಪನ್ಯಾಸಮಾಲೆಯಲ್ಲಿ ಗಡಿನಾಡಿನ ಭಾಷೆ, ಇತಿಹಾಸ, ಯಕ್ಷಗಾನ ಮೊದಲಾದ ವಿಷಯಗಳನ್ನು ಕುರಿತು ವಿದ್ವಾಂಸರು ಈಗಾಗಲೇ ಮಾತನಾಡಿದ್ದಾರೆ. ಅವುಗಳ ಮುಂದೆ ನಾವು ಆಯ್ದುಕೊಂಡ ವಿಷಯ ತೀರಾ ಸಣ್ಣದು. ಅದು ನಿಮ್ಮೆಲ್ಲರ ಮನೆಯಲ್ಲಿ ಉರಿಯುತ್ತಿರುವ ಎಲ್‌ಇಡಿ ಬಲ್ಬು. ಸುಮಾರು ಹತ್ತು ವರ್ಷಗಳೊಳಗೆ, ಯಾವ ಗದ್ದಲವೂ ಇಲ್ಲದೆ, ನಮ್ಮ ದೇಶದ ಬಹುಪಾಲು ಮನೆಗಳ ಬೆಳಕು ಬದಲಾಗಿಬಿಟ್ಟಿತು. ಅದು ಹೇಗೆ ಬದಲಾಯಿತು, ಆ ಬದಲಾವಣೆಯಲ್ಲಿ ಯಾರು ಹಿಂದೆ ಉಳಿದರು ಎಂಬುದನ್ನು ಈ ಶಾಲೆಯಲ್ಲಿ ನಿಂತು ಹೇಳುವುದಕ್ಕೆ ನಮಗೊಂದು ಕಾರಣವುಂಟು. ಅದನ್ನು ಮುಂದೆ ನಿವೇದಿಸುತ್ತೇವೆ.

ಸ್ಮರಣ ಸಂಚಿಕೆಯ ಕೆಲಸಕ್ಕಾಗಿ ಶಾಲೆಯ ಹಳೆಯ ದಾಸ್ತಾನು ಪುಸ್ತಕಗಳನ್ನು ಬಿಡಿಸಿ ನೋಡುವ ಅವಕಾಶ ನಮಗೆ ದೊರಕಿತು. ಗೆದ್ದಲು ತಿಂದುಳಿದ ಒಂದು ಪುಟದಲ್ಲಿ ಲಾಟೀನು ಎರಡು, ಗ್ಯಾಸ್‌ಲೈಟ್ ಒಂದು, ಚಿಮಿಣಿ ಎಣ್ಣೆಯ ಡಬ್ಬಿ ಒಂದು ಎಂಬ ದಾಖಲೆ ಇದೆ. ಆ ಗ್ಯಾಸ್‌ಲೈಟನ್ನು ವಾರ್ಷಿಕೋತ್ಸವದ ರಾತ್ರಿಗಳಲ್ಲಿ ಮಾತ್ರ ಹೊತ್ತಿಸುತ್ತಿದ್ದರೆಂದೂ, ಅದರ ಬಲೆಯನ್ನು ಕಟ್ಟುವ ಅಧಿಕಾರ ಒಬ್ಬರೇ ಮಾಸ್ತರರಿಗೆ ಇತ್ತೆಂದೂ ಹಿರಿಯ ಹಳೆ ವಿದ್ಯಾರ್ಥಿಗಳು ನೆನೆಯುತ್ತಾರೆ. ಮನೆಯಲ್ಲಿ ಓದು ನಡೆಯುತ್ತಿದ್ದುದು ಚಿಮಿಣಿ ದೀಪದ ಬುಡದಲ್ಲಿ. ಒಂದು ದೀಪಕ್ಕೆ ಮೂವರು ಮಕ್ಕಳು ಕುಳಿತರೆ ಮೂರನೆಯವನಿಗೆ ಅಕ್ಷರಕ್ಕಿಂತ ಹೆಚ್ಚಾಗಿ ಹೊಗೆಯೇ ಸಿಗುತ್ತಿತ್ತು. ಶಿವನಸಮುದ್ರದ ವಿದ್ಯುತ್ತು 1902ರಲ್ಲಿ ಕೋಲಾರದ ಚಿನ್ನದ ಗಣಿಗಳಿಗೂ, 1905ರಲ್ಲಿ ಬೆಂಗಳೂರಿನ ಬೀದಿದೀಪಗಳಿಗೂ ತಲುಪಿತ್ತೆಂದು ನಾವು ಪಾಠದಲ್ಲಿ ಹೇಳುತ್ತೇವೆ. ಆದರೆ ಅದಾಗಿ ದಶಕಗಳು ಉರುಳಿದ ಮೇಲೂ ನಮ್ಮ ಕಾಸರಗೋಡಿನ ಒಳನಾಡುಗಳಲ್ಲಿ ರಾತ್ರಿಯೆಂದರೆ ಎಣ್ಣೆಯ ಲೆಕ್ಕಾಚಾರವೇ ಆಗಿತ್ತು.

ಕರೆಂಟು ಬಂದಾಗ ಬಂದದ್ದು ತಂತಿಯ ಬಲ್ಬು. ಗಾಜಿನ ಬುರುಡೆಯೊಳಗೆ ಟಂಗ್‌ಸ್ಟನ್ನಿನ ಸಣ್ಣ ಎಳೆಯೊಂದು ಸುಮಾರು 2,500 ಡಿಗ್ರಿ ಸೆಲ್ಸಿಯಸ್‌ವರೆಗೆ ಕಾದು ಬೆಳಗುತ್ತದೆ. ಅದಕ್ಕೆ ಕೊಟ್ಟ ವಿದ್ಯುತ್ತಿನಲ್ಲಿ ನೂರಕ್ಕೆ ಐದು ಪಾಲು ಬೆಳಕಾದರೆ ಹೆಚ್ಚು, ಉಳಿದುದೆಲ್ಲ ಶಾಖ. ಎಲ್‌ಇಡಿಯ ಕ್ರಮವೇ ಬೇರೆ. ಅರೆವಾಹಕದ ಒಂದು ಪುಟ್ಟ ಹರಳಿನಲ್ಲಿ ಎಲೆಕ್ಟ್ರಾನುಗಳು ಮೇಲಿನ ಶಕ್ತಿಮಟ್ಟದಿಂದ ಕೆಳಗಿಳಿಯುವಾಗ ಬಿಟ್ಟುಕೊಡುವ ಶಕ್ತಿ ನೇರವಾಗಿ ಬೆಳಕಾಗಿ ಹೊಮ್ಮುತ್ತದೆ. ಕೆಂಪು ಮತ್ತು ಹಸಿರು ಎಲ್‌ಇಡಿಗಳು ಮೊದಲೇ ಇದ್ದುವು. ಬಿಳಿಯ ಬೆಳಕಿಗೆ ನೀಲಿ ಬೇಕಾಗಿತ್ತು. ಆ ನೀಲಿಯನ್ನು ಸಾಧಿಸಿದ ಅಕಸಾಕಿ, ಅಮಾನೊ, ನಕಮುರಾ ಎಂಬ ಮೂವರಿಗೆ 2014ರ ಭೌತವಿಜ್ಞಾನದ ನೊಬೆಲ್ ಪ್ರಶಸ್ತಿ ಸಂದಿತು. ನೀಲಿ ಹರಳಿನ ಮೇಲೆ ಹಳದಿ ಲೇಪವಿತ್ತರೆ ನಮ್ಮ ಕಣ್ಣಿಗೆ ಬಿಳಿಯಾಗಿ ಕಾಣುತ್ತದೆ. ಹೀಗಾಗಿ 60 ವ್ಯಾಟಿನ ತಂತಿ ಬಲ್ಬು ಮಾಡುತ್ತಿದ್ದ ಕೆಲಸವನ್ನು 9 ವ್ಯಾಟಿನ ಎಲ್‌ಇಡಿ ಮಾಡುತ್ತದೆ.

ಒಳ್ಳೆಯ ವಸ್ತು ತಾನಾಗಿಯೇ ಮನೆ ಸೇರುತ್ತದೆಯೇ? ಇಲ್ಲವೆಂಬುದಕ್ಕೆ ಅದರ ಹಿಂದಿನ ಸಿಎಫ್‌ಎಲ್‌ನ ಕಥೆಯೇ ಸಾಕ್ಷಿ. 2009ರಲ್ಲಿ ಕೇಂದ್ರ ಸರ್ಕಾರ ಬಚತ್ ಲ್ಯಾಂಪ್ ಯೋಜನೆಯನ್ನು ತಂದಿತು. ತಂತಿ ಬಲ್ಬಿನ ಬೆಲೆಗೆ, ಅಂದರೆ ಸುಮಾರು 15 ರೂಪಾಯಿಗೆ ಸಿಎಫ್‌ಎಲ್ ಕೊಡುವುದು, ನಷ್ಟವನ್ನು ಅಂತರರಾಷ್ಟ್ರೀಯ ಮಾರುಕಟ್ಟೆಯಲ್ಲಿ ಇಂಗಾಲದ ಉಳಿತಾಯವನ್ನು ಮಾರಿ ತುಂಬಿಕೊಳ್ಳುವುದು ಎಂಬುದು ಅದರ ಏರ್ಪಾಡು. ಕೇರಳದಲ್ಲಿ ಮನೆಮನೆಗೆ ಬಲ್ಬುಗಳು ಬಂದುದು ಅನೇಕರಿಗೆ ನೆನಪಿರಬಹುದು. ಆದರೆ ಕೆಲವೇ ವರ್ಷಗಳಲ್ಲಿ ಆ ಇಂಗಾಲದ ಮಾರುಕಟ್ಟೆಯ ಬೆಲೆ ಕುಸಿಯಿತು, ಯೋಜನೆಯ ಲೆಕ್ಕ ತಪ್ಪಿತು. ಮೇಲಾಗಿ ಸಿಎಫ್‌ಎಲ್‌ನ ಒಳಗೆ ಪಾದರಸವಿತ್ತು. ಒಡೆದ ಬಲ್ಬನ್ನು ತೆಂಗಿನ ಬುಡಕ್ಕೆ ಎಸೆದವರೇ ನಮ್ಮಲ್ಲಿ ಹೆಚ್ಚು. ಆಗ ಅದನ್ನು ಬೇಡವೆಂದು ಹೇಳಬೇಕಾಗಿದ್ದ ಅಧ್ಯಾಪಕರಾದ ನಾವೂ ಹೇಳಲಿಲ್ಲ.

ಎಲ್‌ಇಡಿಯ ದಾರಿ ಬೇರೆಯಾಯಿತು. ಸರ್ಕಾರಿ ವಲಯದ ಎನರ್ಜಿ ಎಫಿಶಿಯನ್ಸಿ ಸರ್ವಿಸಸ್ ಲಿಮಿಟೆಡ್ ಎಂಬ ಸಂಸ್ಥೆ 2014ರ ಆರಂಭದಲ್ಲಿ ಬಲ್ಬೊಂದಕ್ಕೆ 310 ರೂಪಾಯಿ ಕೊಟ್ಟು ಕೊಳ್ಳುತ್ತಿತ್ತು. 2015ರ ಜನವರಿ 5ರಂದು ಈ ಕಾರ್ಯಕ್ರಮ ರಾಷ್ಟ್ರಮಟ್ಟದಲ್ಲಿ ಆರಂಭವಾಯಿತು. ಬಳಿಕ ಅದಕ್ಕೆ ಉಜಾಲಾ ಎಂಬ ಹೆಸರು ಬಂತು. ದೇಶದ ಬೇಡಿಕೆಯನ್ನೆಲ್ಲ ಒಟ್ಟುಗೂಡಿಸಿ ಕೋಟಿಗಟ್ಟಲೆ ಬಲ್ಬುಗಳಿಗೆ ಒಮ್ಮೆಲೇ ಟೆಂಡರು ಕರೆಯಲಾಯಿತು. ತಯಾರಕರು ಪೈಪೋಟಿಗೆ ಬಿದ್ದರು. 2016ರಲ್ಲಿ ಖರೀದಿಯ ದರ 38 ರೂಪಾಯಿಗೆ ಇಳಿಯಿತು. ಹಂಚಿದ ಬಲ್ಬುಗಳ ಸಂಖ್ಯೆ ಮುಂದೆ 36 ಕೋಟಿಯನ್ನು ದಾಟಿತು. ನಮಗೆ ಇದರಲ್ಲಿ ಮೆಚ್ಚುಗೆಯಾಗುವುದು ಇದು ಸಹಾಯಧನವನ್ನು ನಂಬಿ ನಡೆಯಲಿಲ್ಲ ಎಂಬ ಸಂಗತಿ. ಕೆಲವೆಡೆ ಮೊದಲಿಗೆ 10 ರೂಪಾಯಿ ಕೊಟ್ಟು ಉಳಿದುದನ್ನು ವಿದ್ಯುತ್ ಬಿಲ್ಲಿನೊಂದಿಗೆ ಕಂತುಗಳಲ್ಲಿ ತೀರಿಸುವ ವ್ಯವಸ್ಥೆಯೂ ಇತ್ತು. ಕೂಲಿ ಮಾಡುವವರ ಕೈಯಲ್ಲಿ ಒಮ್ಮೆಲೇ ಮುನ್ನೂರು ರೂಪಾಯಿ ಇರುವುದಿಲ್ಲ, ತಿಂಗಳಿಗೆ ಹತ್ತು ರೂಪಾಯಿ ಇರುತ್ತದೆ. ಇದನ್ನು ಅರಿತವರು ಯೋಜನೆಯನ್ನು ರೂಪಿಸಿದ್ದರೆಂದೇ ಅದು ನಡೆಯಿತು.

ಕೇರಳಕ್ಕೆ ಇದರ ಅಗತ್ಯ ಇನ್ನೊಂದು ಬಗೆಯಲ್ಲಿತ್ತು. ನಮ್ಮ ರಾಜ್ಯ ತನಗೆ ಬೇಕಾದ ವಿದ್ಯುತ್ತಿನ ಬಹುಪಾಲನ್ನು ಹೊರಗಿನಿಂದ ಕೊಳ್ಳುತ್ತದೆ. ಸಂಜೆ ಆರರಿಂದ ರಾತ್ರಿ ಹತ್ತರವರೆಗೆ ಎಲ್ಲ ಮನೆಗಳಲ್ಲೂ ದೀಪ ಹೊತ್ತುವ ಹೊತ್ತಿನಲ್ಲಿ ಬೇಡಿಕೆ ನೆತ್ತಿಗೇರುತ್ತದೆ. ಆ ಹೊತ್ತಿನ ವಿದ್ಯುತ್ತೇ ದುಬಾರಿ. ಬಲ್ಬು ಉಳಿಸುವುದೂ ಅದೇ ಹೊತ್ತಿನಲ್ಲಿ. ಆದುದರಿಂದ 2018ರಲ್ಲಿ ಘೋಷಿಸಲಾದ ಊರ್ಜ ಕೇರಳ ಮಿಷನ್ನಿನಲ್ಲಿ ಫಿಲಮೆಂಟ್ ರಹಿತ ಕೇರಳ ಎಂಬ ಯೋಜನೆಯೂ ಸೇರಿತು. 2020ರಲ್ಲಿ ದೇಶದ ಮೊದಲ ಫಿಲಮೆಂಟ್ ರಹಿತ ಪಂಚಾಯತೆಂಬ ಹೆಸರು ಪಡೆದುದು ನಮ್ಮದೇ ಜಿಲ್ಲೆಯ ಪೀಲಿಕೋಡು. ಅದೇ ವರ್ಷದ ಆಯವ್ಯಯದಲ್ಲಿ ತಂತಿ ಬಲ್ಬು ಹಾಗೂ ಸಿಎಫ್‌ಎಲ್‌ಗಳ ಮಾರಾಟವನ್ನು ನವೆಂಬರಿನಿಂದ ನಿಷೇಧಿಸುವುದಾಗಿ ಸಾರಲಾಯಿತು. ಅದಾದ ಬಳಿಕವೂ ಸಂತೆಯ ಅಂಗಡಿಗಳಲ್ಲಿ ತಂತಿ ಬಲ್ಬುಗಳನ್ನು ನಾವು ಕಂಡಿದ್ದೇವೆ, ಕೊಳ್ಳುವವರನ್ನೂ ಕಂಡಿದ್ದೇವೆ. ಏಕೆ ಕೊಳ್ಳುತ್ತಾರೆಂಬುದನ್ನು ಒಬ್ಬ ಅಜ್ಜಿ ನಮಗೆ ಕಲಿಸಿದರು.

ವಿಜ್ಞಾನ ಸಂಘದ ಮಕ್ಕಳಿಗೆ ನಾವು ಕೊಟ್ಟಿದ್ದ ಮನೆಗೆಲಸ ಸರಳವಾಗಿತ್ತು: ನಿಮ್ಮ ಮನೆಯಲ್ಲಿ ಎಷ್ಟು ಬಲ್ಬುಗಳಿವೆ, ಯಾವ ಬಗೆಯವು, ದಿನಕ್ಕೆ ಎಷ್ಟು ಗಂಟೆ ಉರಿಯುತ್ತವೆ ಎಂದು ಬರೆದು ತನ್ನಿ. ಒಬ್ಬಳ ಪಟ್ಟಿಯಲ್ಲಿ, ಮನೆಯೊಳಗೆಲ್ಲ ಎಲ್‌ಇಡಿ, ಕೊಟ್ಟಿಗೆಯ ಮೂಲೆಯಲ್ಲಿ ಮಾತ್ರ 60 ವ್ಯಾಟಿನ ತಂತಿ ಬಲ್ಬು, ಅದೂ ರಾತ್ರಿಯಿಡೀ ಎಂದಿತ್ತು. ಬುದ್ಧಿ ಹೇಳುವ ಉತ್ಸಾಹದಲ್ಲಿ ನಾವು ಆ ಮನೆಗೆ ಹೋದೆವು. ಅಜ್ಜಿ ನಮ್ಮನ್ನು ಕುಳ್ಳಿರಿಸಿ, ಬೆಲ್ಲ ನೀರು ಕೊಟ್ಟು, ಮಾತನ್ನೆಲ್ಲ ಕೇಳಿಸಿಕೊಂಡು, ಕೊನೆಗೆ ಕೊಟ್ಟಿಗೆಗೆ ಕರೆದೊಯ್ದರು. ಬುಟ್ಟಿಯ ಮೇಲೆ ತೂಗುಬಿಟ್ಟ ಬಲ್ಬಿನ ಕೆಳಗೆ ಕೋಳಿಮರಿಗಳು ಒತ್ತಿಕೊಂಡು ಮಲಗಿದ್ದವು. “ಮಾಷ್ಟ್ರೇ, ನಿಮ್ಮ ಬಲ್ಬಿನಲ್ಲಿ ಬೆಳಕುಂಟು, ಬಿಸಿ ಇಲ್ಲ. ಇವಕ್ಕೆ ಬೇಕಾದದ್ದು ಬೆಳಕಲ್ಲ” ಎಂದರು. ನೂರಕ್ಕೆ ತೊಂಬತ್ತೈದು ಪಾಲು ವ್ಯರ್ಥವೆಂದು ನಾವು ಹಲಗೆಯ ಮೇಲೆ ಬರೆಯುತ್ತಿದ್ದ ಶಾಖ ಅಲ್ಲಿ ವ್ಯರ್ಥವಾಗಿರಲಿಲ್ಲ. ಆ ಪಟ್ಟಿಗೆ ನಾವು ಪೂರ್ತಿ ಅಂಕ ಕೊಟ್ಟೆವು.

ಈಗ ಮೊದಲು ಹೇಳಿದ ಕಾರಣಕ್ಕೆ ಬರುತ್ತೇವೆ. ಅದೇ ಮನೆಗೆಲಸದಿಂದ ತಿಳಿದ ಇನ್ನೊಂದು ಸಂಗತಿ ನಮಗೆ ನೋವು ತಂದಿತು. ಕೆಲವು ಮನೆಗಳಲ್ಲಿ ಎಲ್ಲವೂ ತಂತಿ ಬಲ್ಬುಗಳೇ ಇದ್ದುವು. ಬಡತನವೇ ಕಾರಣವೆಂದುಕೊಂಡಿದ್ದೆವು. ವಿಚಾರಿಸಿದಾಗ, ರಿಯಾಯಿತಿ ದರದ ವಿತರಣೆಯೊಂದರ ಸೂಚನಾಪತ್ರ ಆ ಮನೆಗಳಿಗೂ ಬಂದಿತ್ತು, ಆದರೆ ಮಲಯಾಳದಲ್ಲಿ ಮಾತ್ರ. ಆ ಮನೆಗಳ ಹಿರಿಯರು 1956ಕ್ಕೆ ಮುಂಚೆ, ಈ ನೆಲ ಮದರಾಸು ರಾಜ್ಯದ ದಕ್ಷಿಣ ಕನ್ನಡದೊಳಗೆ ಇದ್ದಾಗ, ಇದೇ ಶಾಲೆಯ ಬೆಂಚಿನಲ್ಲಿ ಅಕ್ಷರ ಕಲಿತವರು. ಮಲಯಾಳ ಮಾತನಾಡಬಲ್ಲರು, ಲಿಪಿಯನ್ನು ಓದಲಾರರು. ಒಬ್ಬರು ಅದನ್ನು ಬಾಕಿ ಹಣದ ನೋಟೀಸೆಂದು ಹೆದರಿ ಪಂಚಾಂಗದೊಳಗೆ ಮಡಚಿಟ್ಟಿದ್ದರು. ನೋಂದಣಿಯ ದಿನ ಕಳೆದುಹೋಗಿತ್ತು. ಹಂಚಿದವರು ಯಾರೆಂಬುದು ಇಲ್ಲಿ ಮುಖ್ಯವಲ್ಲ, ಅವರಿಗೆ ದುರುದ್ದೇಶವಿತ್ತೆಂದೂ ನಾವು ಭಾವಿಸುವುದಿಲ್ಲ. 1969ರ ಕೇರಳ ಆಡಳಿತ ಭಾಷಾ ಕಾಯ್ದೆ ತಮಿಳು ಮತ್ತು ಕನ್ನಡ ಭಾಷಿಕರಿಗೆ ತಮ್ಮ ನುಡಿಯಲ್ಲಿ ಸರ್ಕಾರದೊಂದಿಗೆ ಪತ್ರವ್ಯವಹಾರ ನಡೆಸುವ ಅವಕಾಶವನ್ನು ಕೊಟ್ಟಿದೆ. ಕಾಗದದಲ್ಲಿರುವ ಅವಕಾಶ ಮನೆಯಂಗಳಕ್ಕೆ ಬರುವಷ್ಟರಲ್ಲಿ ಹೇಗೆ ಸವೆದುಹೋಗುತ್ತದೆ ಎಂಬುದನ್ನು ಒಂದು ಬಲ್ಬಿನ ನೆಪದಲ್ಲಿ ಕಂಡೆವು. ದೇಶವೆಲ್ಲ ಸೇರಿ 310ರಿಂದ 38ಕ್ಕೆ ಇಳಿಸಿದ ಬೆಲೆ ಆ ಪಂಚಾಂಗದೊಳಗೆ ಸಿಕ್ಕಿಬಿದ್ದಿತ್ತು.

ಎಂಟನೆಯ ತರಗತಿಯ ಮಕ್ಕಳು ಗೆರೆ ಕಾಗದದ ಮೇಲೆ ಆ ಸೂಚನೆಯನ್ನು ಕನ್ನಡದಲ್ಲಿ ಬರೆದರು. ತಪ್ಪು ತಿದ್ದಲು ನಾವು ಕುಳಿತೆವು; ತಿದ್ದಬೇಕಾದದ್ದು ಎರಡೇ ಕಡೆ. ಪ್ರತಿಗಳನ್ನು ಮಾಡಿಸಿ ಮನೆಮನೆಗೆ ಒಯ್ದರು. ಮುಂದಿನ ಸಲ ವಿತರಣೆ ನಡೆದಾಗ ಹಿರಿಯರ ಜೊತೆ ಸಾಲಿನಲ್ಲಿ ಮಕ್ಕಳೂ ನಿಂತಿದ್ದರು.

ಬಲ್ಬು ಬದಲಾಯಿಸಿದರೆ ಎಷ್ಟು ಉಳಿಯುತ್ತದೆಂದು ಹೆತ್ತವರು ಕೇಳುತ್ತಾರೆ. ಲೆಕ್ಕ ಕಠಿಣವಲ್ಲ. ನಮ್ಮಲ್ಲಿ ಬಿಲ್ಲು ಎರಡು ತಿಂಗಳಿಗೊಮ್ಮೆ. 60 ವ್ಯಾಟಿನ ನಾಲ್ಕು ಬಲ್ಬುಗಳು ದಿನಕ್ಕೆ ಐದು ಗಂಟೆ ಉರಿದರೆ ಅರುವತ್ತು ದಿನಗಳಿಗೆ 72 ಯೂನಿಟ್. 9 ವ್ಯಾಟಿನವು ನಾಲ್ಕಾದರೆ 11 ಯೂನಿಟ್ಟಿಗೂ ಕಡಿಮೆ. ಗೃಹಬಳಕೆಯ ದರ ಹಂತಹಂತವಾಗಿ ಏರುವುದರಿಂದ ಉಳಿಯುವುದು ಮೇಲಿನ ಹಂತದ ದುಬಾರಿ ಯೂನಿಟ್. ತಿಂಗಳಿಗೆ 250 ಯೂನಿಟ್ ದಾಟಿದ ಮನೆಗೆ ಮೊದಲ ಯೂನಿಟ್ಟಿನಿಂದಲೇ ಹೆಚ್ಚಿನ ದರ ಬೀಳುತ್ತದೆ. ಆ ಗಡಿಯ ಅಂಚಿನಲ್ಲಿರುವವರು ಇದನ್ನು ಗಮನಿಸಬೇಕು.

ಇನ್ನು ದೂರು. ಹತ್ತು ವರ್ಷ ಬಾಳುತ್ತದೆಂದರು, ಒಂದೇ ಮಳೆಗಾಲಕ್ಕೆ ಸತ್ತಿತು ಎಂಬ ಮಾತನ್ನು ಹೆತ್ತವರ ಸಭೆಗಳಲ್ಲಿ ಅನೇಕ ಸಲ ಕೇಳಿದ್ದೇವೆ. ದೂರು ನಿಜ. ಹರಳು ಬಹುಕಾಲ ಬಾಳುತ್ತದೆ, ಅದಕ್ಕೆ ವಿದ್ಯುತ್ತನ್ನು ಹದಗೊಳಿಸಿ ಕೊಡುವ ಡ್ರೈವರ್ ಎಂಬ ಸಣ್ಣ ಸರ್ಕ್ಯೂಟು ಬಾಳುವುದಿಲ್ಲ. ಅದರೊಳಗಿನ ಕೆಪಾಸಿಟರ್ ಬಿಸಿಗೆ ಒಣಗುತ್ತದೆ, ವೋಲ್ಟೇಜಿನ ಏರುಪೇರಿಗೆ ಸೋಲುತ್ತದೆ. ತುಲಾ ಮಾಸದ ಸಿಡಿಲು ಮಳೆ ನಮ್ಮ ಊರಿಗೆ ಹೊಸದಲ್ಲವಷ್ಟೆ. ಗಾಳಿಯಾಡದ ಗಾಜಿನ ಡೂಮಿನೊಳಗೆ ಎಲ್‌ಇಡಿ ಹಾಕಿದರೆ ಅದರ ಆಯುಸ್ಸನ್ನು ನಾವೇ ಕುಗ್ಗಿಸಿದಂತೆ. ಅಗ್ಗದ ಹೆಸರಿಲ್ಲದ ಮಾಲಿನ ಪಾಲೂ ಇದರಲ್ಲಿದೆ: 2017ರಲ್ಲಿ ದೆಹಲಿ, ಮುಂಬಯಿ, ಹೈದರಾಬಾದ್, ಅಹಮದಾಬಾದಿನ ಅಂಗಡಿಗಳಲ್ಲಿ ನೀಲ್ಸನ್ ನಡೆಸಿದ ಸಮೀಕ್ಷೆಯಲ್ಲಿ ಶೇ. 76ರಷ್ಟು ಎಲ್‌ಇಡಿ ಬಲ್ಬಿನ ಬ್ರಾಂಡುಗಳು ಸುರಕ್ಷತೆಯ ಮಾನದಂಡಗಳನ್ನು ಪಾಲಿಸಿರಲಿಲ್ಲ. ಕೊಳ್ಳುವಾಗ ಬಿಐಎಸ್ ಗುರುತನ್ನು ನೋಡಿ, ರಸೀದಿಯನ್ನು ಕೇಳಿ ಪಡೆಯಿರಿ. ಖಾತರಿಯ ಅವಧಿಯೊಳಗೆ ಕೆಟ್ಟರೆ ಬದಲಾಯಿಸಿ ಕೊಡುವುದು ಅಂಗಡಿಯವರ ದಾಕ್ಷಿಣ್ಯವಲ್ಲ.

ಬೆಳಕಿನ ಬಣ್ಣದ ಬಗೆಗೂ ಒಂದು ಮಾತು. ಪೆಟ್ಟಿಗೆಯ ಮೇಲೆ 6500 ಕೆ. ಎಂದಿದ್ದರೆ ಅದು ನೀಲಿ ಛಾಯೆಯ ಬಿಳುಪು, 2700 ಅಥವಾ 3000 ಎಂದಿದ್ದರೆ ಹಳೆಯ ಬಲ್ಬಿನಂಥ ಹೊಂಬಣ್ಣ. ನಮ್ಮ ಜನ ಹೆಚ್ಚು ಬಿಳಿ ಎಂದರೆ ಹೆಚ್ಚು ಬೆಳಕೆಂದು ಮೊದಲನೆಯದನ್ನೇ ಕೊಳ್ಳುತ್ತಾರೆ. ದೊಂದಿಯ ಬೆಳಕಿಗಾಗಿ ಹುಟ್ಟಿದ ಬಣ್ಣದ ವೇಷಕ್ಕೆ ಆ ನೀಲಿ ಬಿಳುಪನ್ನು ಸುರಿದರೆ ರಾಕ್ಷಸನ ಮುಖದಲ್ಲಿ ಚುಟ್ಟಿಯ ಸುಣ್ಣವಷ್ಟೇ ಕಾಣುತ್ತದೆ. ಇದು ನಮ್ಮ ಖಾಸಗಿ ಕೊರಗು, ಆಟದ ಸಂಘಟಕರು ಕ್ಷಮಿಸಬೇಕು. ಕರೆಂಟು ಕಡಿಮೆಯೆಂದು ಗೇಟಿನ ದೀಪವನ್ನು ಬೆಳಗಿನವರೆಗೆ ಉರಿಸುವ ಹೊಸ ಅಭ್ಯಾಸಕ್ಕೆ ಮಾತ್ರ ನಾವು ಕ್ಷಮೆ ಕೊಡಲಾರೆವು. ತೋಟದ ಮಿಂಚುಹುಳುಗಳೂ ಕೊಡಲಾರವು.

ಕೆಟ್ಟ ಎಲ್‌ಇಡಿ ಬಲ್ಬುಗಳನ್ನು ಕಸಕ್ಕೆ ಹಾಕದೆ ತಂದುಕೊಡಿರೆಂದು ಮಕ್ಕಳ ಮೂಲಕ ಕೇಳಿಕೊಂಡಿದ್ದೆವು. ಪ್ರಯೋಗಶಾಲೆಯಲ್ಲಿ ಈಗ ಎರಡು ರಟ್ಟಿನ ಪೆಟ್ಟಿಗೆಗಳು ತುಂಬಿವೆ. ಕೆಲವದರಲ್ಲಿ ಕೆಟ್ಟಿರುವುದು ಒಂದೇ ಹರಳು, ಕೆಲವದರಲ್ಲಿ ಬೆಸುಗೆ ಬಿಟ್ಟಿದೆ. ಇವತ್ತು ಮಧ್ಯಾಹ್ನದ ಊಟದ ಬಳಿಕ ವಿದ್ಯುತ್ ಸಂಪರ್ಕವಿಲ್ಲದ ಬಲ್ಬುಗಳನ್ನು ಬಿಚ್ಚಿ, ದೋಷ ಹುಡುಕಿ, ಬೆಸುಗೆ ಹಾಕುವ ಕೆಲಸವನ್ನು ಒಂಬತ್ತನೆಯ ತರಗತಿಯವರು ತೋರಿಸಲಿದ್ದಾರೆ. ಬೆಸುಗೆಯ ಕಡ್ಡಿಗಳು ಮೂರೇ ಇವೆ. ಹಳೆ ವಿದ್ಯಾರ್ಥಿಗಳಲ್ಲಿ ಈ ಕೆಲಸ ಬಲ್ಲವರು ಇದ್ದರೆ ದಯವಿಟ್ಟು ಮಕ್ಕಳ ಪಕ್ಕದಲ್ಲಿ ಬಂದು ಕುಳಿತುಕೊಳ್ಳಬೇಕು. ಸೂಚನಾಫಲಕ ಕನ್ನಡದಲ್ಲೂ ಮಲಯಾಳದಲ್ಲೂ ಇದೆ.