ಸಭೆಯ ಪಾಲಕನೂ ಸತ್ಯವೇದವೂ

ಬೆಂಗಳೂರಿನ ಪಡುವಣ ಭಾಗದಲ್ಲಿ, 1949ರಲ್ಲಿ ಕೈಗಾರಿಕಾ ಬಡಾವಣೆಯಾಗಿ ಆರಂಭವಾದ ರಾಜಾಜಿನಗರದಿಂದ ಹಿಡಿದು ಹಳೆಯ ಊರಾದ ಕೆಂಗೇರಿಯವರೆಗೆ, ಕೆಲಸವನ್ನರಸಿ ನಾನಾ ಸೀಮೆಗಳಿಂದ ಬಂದ ಕ್ರೈಸ್ತ ಕುಟುಂಬಗಳು ನೆಲಸಿವೆ. ಭಾನುವಾರ ಬೆಳಗ್ಗೆ ಈ ಬೀದಿಗಳಲ್ಲಿ ನಡೆದರೆ ಕನ್ನಡ, ತಮಿಳು, ತೆಲುಗು, ಮಲಯಾಳಗಳ ಕೀರ್ತನೆಗಳು ಕಿವಿಗೆ ಬೀಳುತ್ತವೆ. ಕೆಲವು ಗೋಪುರವುಳ್ಳ ದೇವಾಲಯಗಳಿಂದ, ಕೆಲವು ಬಾಡಿಗೆಯ ಮಹಡಿಗಳಿಂದ. ಊರು ಬಿಟ್ಟು ಬಂದವನಿಗೆ ಹೊಸ ಸ್ಥಳದಲ್ಲಿ ಮೊದಲು ಬೇಕಾದುದು ಹೆಸರು ಹಿಡಿದು ಮಾತನಾಡಿಸುವವನೊಬ್ಬ. ಅಂಥವನು ಸಭೆಯ ಪಾಲಕನಾಗಿ ದೊರೆತರೆ, ಅವನ ಮಾತನ್ನು ದೇವರ ಮಾತೆಂದೇ ನಂಬಿಬಿಡುವುದು ಸುಲಭ. ಅವನು ಸತ್ಯವಂತನಾದರೆ ಕ್ಷೇಮವೇ ಸರಿ. ಅಲ್ಲದಿದ್ದರೆ ಆ ಮನೆಯ ಹಣ, ಮಕ್ಕಳ ಮದುವೆ, ರೋಗಿಯ ಔಷಧ ಎಲ್ಲವೂ ಒಬ್ಬನ ನಾಲಗೆಯ ತುದಿಗೆ ಬಂದು ನಿಲ್ಲುತ್ತವೆ. ಆದಕಾರಣ ನಂಬತಕ್ಕ ಪಾಲಕನನ್ನು ಗುರುತಿಸುವ ಬಗೆ ಯಾವುದೆಂಬ ಪ್ರಶ್ನೆಯನ್ನು ಪಂಡಿತರಿಗೆ ಬಿಟ್ಟು ಸುಮ್ಮನಿರುವಂತಿಲ್ಲ.

ವಚನಗಳನ್ನು ಬಾಯಿಪಾಠವಾಗಿ ಒಪ್ಪಿಸಬಲ್ಲವನೇ ಅಂಥವನೆಂದು ಹಲವರ ಭಾವನೆ. ಮತ್ತಾಯನ ಸುವಾರ್ತೆಯ ನಾಲ್ಕನೆಯ ಅಧ್ಯಾಯವನ್ನು ಓದಿದವರು ಇದನ್ನು ಒಪ್ಪಲಾರರು. ದೇವಾಲಯದ ಶಿಖರದ ಮೇಲೆ ಯೇಸುಸ್ವಾಮಿಯನ್ನು ನಿಲ್ಲಿಸಿದ ಸೈತಾನನು ತೊಂಬತ್ತೊಂದನೆಯ ಕೀರ್ತನೆಯ ಮಾತನ್ನೇ ಎತ್ತಿ ಹೇಳುತ್ತಾನೆ. ಸ್ವಾಮಿಯ ಉತ್ತರವೂ ಗ್ರಂಥದಿಂದಲೇ, ಧರ್ಮೋಪದೇಶಕಾಂಡದಿಂದ, ಬರುತ್ತದೆ. ಒಂದು ಮಾತನ್ನು ಉಳಿದ ಮಾತುಗಳೊಡನೆ ಕೂಡಿಸಿ ಓದದವನು ಎಷ್ಟು ವಚನ ಬಲ್ಲವನಾದರೂ ಗ್ರಂಥವನ್ನು ಬಲ್ಲವನಲ್ಲ. ಅಪೊಸ್ತಲರ ಕೃತ್ಯಗಳ ಹದಿನೇಳನೆಯ ಅಧ್ಯಾಯದಲ್ಲಿ ಬೆರೋಯ ಪಟ್ಟಣದವರ ಸಂಗತಿ ಬಂದಿದೆ. ಪೌಲನಂಥ ಪೌಲನೇ ಬಂದು ಬೋಧಿಸಿದರೂ, ಅವನು ಹೇಳಿದ್ದು ಹೌದೋ ಅಲ್ಲವೋ ಎಂದು ಅವರು ದಿನದಿನವೂ ಗ್ರಂಥಗಳನ್ನು ಪರಿಶೋಧಿಸಿದರು. ಗ್ರಂಥಕರ್ತನು ಇದನ್ನು ಉದ್ಧಟತನವೆನ್ನದೆ ಅವರ ಗುಣವೆಂದು ಹೊಗಳಿದ್ದಾನೆ. ಪೌಲನು ಸಿಟ್ಟಾದನೆಂದು ಎಲ್ಲಿಯೂ ಇಲ್ಲ.

ಹೀಗೆ ಒರೆಗೆ ಹಚ್ಚಬೇಕಾದರೆ ಗ್ರಂಥವು ಕೇಳುವವನ ಕೈಯಲ್ಲಿ, ಅವನ ನುಡಿಯಲ್ಲಿ ಇರಬೇಕಷ್ಟೆ. ಬಸವೇಶ್ವರನಗರದಲ್ಲಿ ವಾಸಿಸುವವರಿಗೆ ಇದನ್ನು ವಿಸ್ತರಿಸಿ ಹೇಳಬೇಕಾಗಿಲ್ಲ. ಆ ಬಡಾವಣೆ ಯಾರ ಹೆಸರನ್ನು ಹೊತ್ತಿದೆಯೋ ಅವರು ಹನ್ನೆರಡನೆಯ ಶತಮಾನದಲ್ಲಿಯೇ ಧರ್ಮದ ಮಾತನ್ನು ಜನದ ನುಡಿಯಲ್ಲಿ ಆಡಿ ತೋರಿಸಿದವರು. ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ ಎಂಬವರು 1810ರಲ್ಲಿ ಬಳ್ಳಾರಿಗೆ ಬಂದು ಕನ್ನಡ ಕಲಿತು ಬೈಬಲ್ಲನ್ನು ಭಾಷಾಂತರಿಸಲು ತೊಡಗಿದರು. ವಿಲಿಯಂ ರೀವ್ ಅವರಿಗೆ ಜೊತೆಯಾದರು. 1831ರ ವೇಳೆಗೆ ಇಡೀ ಗ್ರಂಥ ಕನ್ನಡಕ್ಕೆ ಬಂತು. ಇಪ್ಪತ್ತು ವರ್ಷಗಳ ಬೆವರು! ಆದರೂ ಅದೇ ಕೊನೆಯ ಮಾತೆಂದು ಯಾರೂ ಹಟ ಹಿಡಿಯಲಿಲ್ಲ. ಬಾಸೆಲ್ ಮಿಷನ್ನಿನ ವೈಗ್ಲೆ, ನಮ್ಮ ಶಾಸನಗಳ ರೈಸರ ತಂದೆಯವರಾದ ಬೆಂಜಮಿನ್ ರೈಸ್ ಮುಂತಾದವರು ಅದನ್ನು ಮತ್ತೆ ತಿದ್ದಲು ಕುಳಿತರು. ಆ ಕೆಲಸ 1860ರ ದಶಕದವರೆಗೂ ನಡೆಯಿತು. ಕನ್ನಡದ ಕಿವಿಗೆ ಯಾವುದು ಒಗ್ಗುವುದು, ಯಾವುದು ಒಗ್ಗದು ಎಂದು ಹೇಳಿಕೊಟ್ಟ ಮುನ್ಷಿಗಳನ್ನು ನಾವು ಅಷ್ಟಾಗಿ ನೆನೆಯುವುದಿಲ್ಲ, ನೆನೆಯಬೇಕು. ಬೋಧಿಸಲು ಬಂದವರು ಬೋಧನೆಯ ಪುಸ್ತಕವನ್ನೇ ತಿದ್ದಿಸಿಕೊಂಡ ಈ ವಿನಯವು ನಮಗೆ ಅವರ ಎಷ್ಟೋ ಪ್ರಸಂಗಗಳಿಗಿಂತ ದೊಡ್ಡದಾಗಿ ತೋರುತ್ತದೆ.

ಪುಸ್ತಕ ಕೈಗೆ ಬಂದ ಮಾತ್ರಕ್ಕೆ ಕೆಲಸ ಮುಗಿಯಲಿಲ್ಲ. ಯೋಹಾನನ ಸುವಾರ್ತೆಯ ಆರಂಭದಲ್ಲಿ ಬರುವ ಗ್ರೀಕ್ ಪದಕ್ಕೆ 'ವಾಕ್ಯ'ವೆಂದು ಕನ್ನಡಿಸಿದ್ದಾರೆ. ನಮ್ಮ ತರಗತಿಯ ಹುಡುಗನಿಗೆ ವಾಕ್ಯವೆಂದರೆ ಕರ್ತೃ, ಕರ್ಮ, ಕ್ರಿಯಾಪದ! ಕಾಲೇಜಿನಲ್ಲಿ 1611ರ ಇಂಗ್ಲಿಷ್ ಬೈಬಲ್ಲನ್ನು ಗದ್ಯದ ಸೊಗಸಿಗಾಗಿ ಓದಿದ ನಮ್ಮಂಥವರಿಗೂ ಅರ್ಥವು ತಾನಾಗಿ ಹೊಳೆಯಲಿಲ್ಲ. ಸೊಗಸೇ ಅರ್ಥವೆಂದು ಬಹುಕಾಲ ಭ್ರಮಿಸಿದ್ದೆವು. ನೆಹೆಮೀಯನ ಗ್ರಂಥದ ಎಂಟನೆಯ ಅಧ್ಯಾಯದಲ್ಲಿ ಎಜ್ರನು ಧರ್ಮಶಾಸ್ತ್ರವನ್ನು ಓದುವಾಗ ಲೇವಿಯರು ಜನರಿಗೆ ಅದರ ತಾತ್ಪರ್ಯವನ್ನು ತಿಳಿಸಿಕೊಡುತ್ತಾರೆ. ಪಾಲಕನ ಕೆಲಸ ಅದು. ಅದಕ್ಕೆ ಗ್ರಂಥ ತಿಳಿದರೆ ಸಾಲದು, ಕೇಳುವವರ ನುಡಿಯೂ ತಿಳಿಯಬೇಕು. ಕಿಟ್ಟೆಲರು 1862ರಲ್ಲಿ ಕ್ರಿಸ್ತಚರಿತ್ರೆಯನ್ನು 'ಕಥಾಮಾಲೆ'ಯಾಗಿ ನಮ್ಮ ಛಂದಸ್ಸಿಗೆ ತಂದರು. 1894ರಲ್ಲಿ ಅವರ ನಿಘಂಟು ಹೊರಬಂತು. ಬಾಸೆಲ್ ಮಿಷನ್ನಿನ ಪಾಲಕರಾಗಿದ್ದ ಉತ್ತಂಗಿ ಚನ್ನಪ್ಪನವರು ಸರ್ವಜ್ಞನ ವಚನಗಳನ್ನು ಸಂಗ್ರಹಿಸಿ 1924ರಲ್ಲಿ ಪ್ರಕಟಿಸಿದರು. 1949ರ ಕಲಬುರ್ಗಿಯ ಸಾಹಿತ್ಯ ಸಮ್ಮೇಳನಕ್ಕೆ ಅಧ್ಯಕ್ಷರಾದರು. ಪಾದ್ರಿಗೆ ಸರ್ವಜ್ಞನೇತಕ್ಕೆ ಎಂದು ಕೇಳುವವರುಂಟು. ಸರ್ವಜ್ಞನನ್ನು ಬಾಯಲ್ಲಿಟ್ಟುಕೊಂಡ ಜನರೊಡನೆ ಮಾತನಾಡಬೇಕಾದವನಿಗೆ ಬೇರೆ ಯಾರು ಬೇಕು?

ಕಥೋಲಿಕ ಸಭೆಯಲ್ಲಿಯೂ, ಗ್ರಂಥವು ಎಲ್ಲ ವಿಶ್ವಾಸಿಗಳಿಗೂ ಧಾರಾಳವಾಗಿ ದೊರೆಯಬೇಕೆಂದು ಎರಡನೆಯ ವ್ಯಾಟಿಕನ್ ಮಹಾಸಭೆಯು 1965ರಲ್ಲಿ ಸಾರಿತು. ಈಗ ಅಂಗೈಯಗಲದ ದೂರವಾಣಿಯಲ್ಲಿಯೇ ಇಡೀ ಸತ್ಯವೇದ ಅಡಗುತ್ತದೆ. ದೊರೆಯುವುದಿಲ್ಲವೆಂಬ ನೆಪ ಯಾರಿಗೂ ಉಳಿದಿಲ್ಲ. ತೆರೆಯುವ ಅಭ್ಯಾಸದ ಮಾತು ಬೇರೆ.

ಕೆಂಗೇರಿಯ ಕಡೆ ಒಂದು ಮನೆಯ ಪ್ರಾರ್ಥನಾಕೂಟಕ್ಕೆ ನಾವು ಹೋಗಿದ್ದೆವು. ಕ್ರಿಸ್ಮಸ್ಸಿನ ಹಿಂದಿನ ವಾರ. ಪಾಲಕರು ಮೂಡಣ ದೇಶದ ಮೂವರು ರಾಜರ ಕಥೆಯನ್ನು ರಸವತ್ತಾಗಿ ಹೇಳುತ್ತಿದ್ದರು. ಮೂಲೆಯಲ್ಲಿ ಕುಳಿತಿದ್ದ ವೃದ್ಧೆಯೊಬ್ಬರು ಕನ್ನಡಕವನ್ನು ಸರಿಪಡಿಸಿಕೊಂಡು, "ಅಯ್ಯನವರೆ, ಮೂವರು ಅಂತ ಇದರಲ್ಲಿ ಎಲ್ಲಿದೆ? ರಾಜರು ಅಂತಲೂ ಇಲ್ಲವಲ್ಲ, ಜೋಯಿಸರು ಅಂತಿದೆ" ಎಂದರು. ಕೋಣೆ ನಿಶ್ಶಬ್ದವಾಯಿತು. ಗೃಹಸ್ಥರಿಗೆ ಸಂಕೋಚ. ಪಾಲಕರು ತಮ್ಮ ಪುಸ್ತಕವನ್ನು ತೆರೆದು ಮತ್ತಾಯನ ಎರಡನೆಯ ಅಧ್ಯಾಯವನ್ನು ಮೊದಲಿಂದ ಮೆಲ್ಲಗೆ ಓದಿಕೊಂಡರು. ಚಿನ್ನ, ಧೂಪ, ರಕ್ತಬೋಳ. ಕಾಣಿಕೆಗಳು ಮೂರು, ತಂದವರ ಎಣಿಕೆ ಇಲ್ಲ. "ನೀವು ಹೇಳಿದ್ದೇ ಸರಿ, ಅಮ್ಮ. ಹಾಡಿನಲ್ಲಿ ಕೇಳಿದ್ದನ್ನು ನಾನು ಗ್ರಂಥದ್ದೆಂದು ಹೇಳಿಬಿಟ್ಟೆ" ಎಂದು ನಕ್ಕು, ಅಲ್ಲಿದ್ದವರಿಗೆಲ್ಲ ಪುಸ್ತಕ ತೆರೆಯಲು ಹೇಳಿ, ಕಥೆಯನ್ನು ಮತ್ತೆ ಮೊದಲಿನಿಂದ ಆರಂಭಿಸಿದರು.