ಪರದೇಶದ ಊರಿನಲ್ಲಿ ವಿದ್ಯಾರ್ಥಿಯ ದಿನಚರಿ
(ಶಾಲಾ ವಾರ್ಷಿಕೋತ್ಸವದ ಸಭೆಯಲ್ಲಿ ಮಾಡಿದ ಭಾಷಣ)



ನಮ್ಮ ಕಾಸರಗೋಡಿನ ಕಡೆಯ ಮಕ್ಕಳು ಉನ್ನತ ವ್ಯಾಸಂಗಕ್ಕಾಗಿ ಕಡಲಾಚೆಗೆ ಹೋಗುವುದು ಈಗ ಅಪರೂಪದ ಸಂಗತಿಯಾಗಿ ಉಳಿದಿಲ್ಲ. ಯಾವ ವಿಶ್ವವಿದ್ಯಾನಿಲಯ, ಯಾವ ವಿಷಯ, ಎಷ್ಟು ಖರ್ಚು ಎಂಬುದನ್ನು ತಿಳಿಸುವವರು ಹಲವರಿದ್ದಾರೆ. ಆದರೆ ಆ ಊರಿನಲ್ಲಿ ಇಳಿದ ಮರುದಿನ ಯಾವ ಕಚೇರಿಗೆ ಹೋಗಬೇಕು, ಕಸವನ್ನು ಎಲ್ಲಿ ಹಾಕಬೇಕು, ಆದಿತ್ಯವಾರ ಊಟಕ್ಕೆ ಏನು ಗತಿ ಎಂಬುದನ್ನು ಹೇಳುವವರು ವಿರಳ. ಜಾಣ ಮಕ್ಕಳೂ ಮೊದಲ ವರ್ಷ ಎಡವುವುದು ಹೆಚ್ಚಾಗಿ ಇಂಥ ಸಣ್ಣ ವಿಷಯಗಳಲ್ಲಿಯೇ. ಆದುದರಿಂದ ಇಂದು ನಾವು ಅವನ್ನೇ ಕುರಿತು ನಾಲ್ಕು ಮಾತು ಹೇಳಬಯಸುತ್ತೇವೆ.

ಯುರೋಪಿನ ಎಲ್ಲ ಊರುಗಳ ಕಟ್ಟಳೆಯೂ ಒಂದೇ ಅಲ್ಲ. ಅದಕ್ಕಾಗಿ ಒಂದು ಊರನ್ನು ಆರಿಸಿಕೊಂಡಿದ್ದೇವೆ. ಅದು ಜರ್ಮನಿಯ ನೈಋತ್ಯ ಭಾಗದಲ್ಲಿ ನೆಕ್ಕರ್ ನದಿಯ ದಡದಲ್ಲಿರುವ ಟ್ಯೂಬಿಂಗೆನ್. ಅಲ್ಲಿಯ ವಿಶ್ವವಿದ್ಯಾನಿಲಯವು 1477ರಲ್ಲಿ ಸ್ಥಾಪಿತವಾಯಿತು. ಕನ್ನಡಿಗರಿಗೆ ಆ ಊರು ತೀರ ಅಪರಿಚಿತವೂ ಅಲ್ಲ. 1894ರಲ್ಲಿ ಮಂಗಳೂರಿನಲ್ಲಿ ಅಚ್ಚಾದ ಕನ್ನಡ–ಇಂಗ್ಲಿಷ್ ನಿಘಂಟಿನ ಕರ್ತೃ ಫರ್ಡಿನಾಂಡ್ ಕಿಟ್ಟೆಲ್ ಅವರು ತಮ್ಮ ಕೊನೆಯ ವರ್ಷಗಳನ್ನು ಕಳೆದು, 1903ರಲ್ಲಿ ತೀರಿಕೊಂಡದ್ದು ಅಲ್ಲಿಯೇ.

ಮೊದಲನೆಯದು ಬಿಡಾರದ ವಿಚಾರ. ಪ್ರವೇಶಪತ್ರ ಕೈಗೆ ಬಂದ ದಿನವೇ ವಿದ್ಯಾರ್ಥಿ ನಿಲಯಕ್ಕೆ ಅರ್ಜಿ ಹಾಕಬೇಕು. ಆ ಸಣ್ಣ ಊರಿನಲ್ಲಿ ವಿದ್ಯಾರ್ಥಿಗಳ ಸಂಖ್ಯೆ ಹೆಚ್ಚು, ಕೋಣೆಗಳು ಕಡಿಮೆ. ಬಾಡಿಗೆ ಹೇಳುವಾಗ ಅವರು ‘ತಣ್ಣನೆಯ ಬಾಡಿಗೆ’ ‘ಬೆಚ್ಚನೆಯ ಬಾಡಿಗೆ’ ಎಂದು ಎರಡು ಬಗೆಯಾಗಿ ಹೇಳುತ್ತಾರೆ. ಮೊದಲನೆಯದು ಕೋಣೆಗೆ ಮಾತ್ರ. ಎರಡನೆಯದರಲ್ಲಿ ಕೋಣೆ ಕಾಯಿಸುವ ವೆಚ್ಚ, ನೀರು ಮೊದಲಾದುವೂ ಸೇರಿರುತ್ತವೆ. ಮನೆಯ ಯಜಮಾನನು ಕೇಳಬಹುದಾದ ಮುಂಗಡ ಠೇವಣಿ ಮೂರು ತಿಂಗಳ ತಣ್ಣನೆಯ ಬಾಡಿಗೆಯನ್ನು ಮೀರಕೂಡದೆಂದು ಅಲ್ಲಿಯ ಕಾನೂನು ಹೇಳುತ್ತದೆ. ಕೋಣೆಯನ್ನು ಕಾಣದೆ, ಕರಾರುಪತ್ರವಿಲ್ಲದೆ, ದೂರದಿಂದಲೇ ಹಣ ಕಳುಹಿಸೆಂದು ಯಾರಾದರೂ ಕೇಳಿದರೆ ಅದು ಮೋಸವೆಂದೇ ಬಗೆಯತಕ್ಕದ್ದು.

ಬಿಡಾರ ಹೊಕ್ಕ ಎರಡು ವಾರಗಳೊಳಗೆ ಊರಿನ ಕಚೇರಿಯಲ್ಲಿ ವಿಳಾಸವನ್ನು ನೋಂದಾಯಿಸಬೇಕು. ಇದನ್ನು ‘ಆನ್‌ಮೆಲ್ಡುಂಗ್’ ಎನ್ನುತ್ತಾರೆ. ಮನೆಯ ಯಜಮಾನನ ಸಹಿಯುಳ್ಳ ದೃಢಪತ್ರ ಇದಕ್ಕೆ ಅಗತ್ಯ. ವಾಸದ ಪರವಾನಗಿ, ತೆರಿಗೆಯ ಸಂಖ್ಯೆ ಮುಂತಾದುವೆಲ್ಲ ಈ ಒಂದು ನೋಂದಣಿಯನ್ನು ಅವಲಂಬಿಸಿವೆ. ಅದೇ ದಿನ ಬಾಗಿಲ ಬಳಿಯ ಅಂಚೆಪೆಟ್ಟಿಗೆಯ ಮೇಲೆ ತಮ್ಮ ಹೆಸರನ್ನು ಅಂಟಿಸಬೇಕು. ಹೆಸರಿಲ್ಲದ ಪೆಟ್ಟಿಗೆಗೆ ಕಾಗದ ಬೀಳುವುದಿಲ್ಲ. ಅಲ್ಲಿ ಸರಕಾರವೂ ವಿಮೆಯವರೂ ಬ್ಯಾಂಕಿನವರೂ ಇಂದಿಗೂ ಕಾಗದದ ಮೂಲಕ ವ್ಯವಹರಿಸುವುದುಂಟು. ಬಂದ ಕಾಗದವನ್ನು ಅಂದೇ ಒಡೆದು ಓದಬೇಕು. ಅರ್ಥವಾಗಲಿಲ್ಲವೆಂದು ಮೇಜಿನ ಮೇಲೆ ಇಟ್ಟರೆ ಗಡುವು ತಪ್ಪಿ ದಂಡ ಬರುತ್ತದೆ. ರೇಡಿಯೋ–ಟೆಲಿವಿಷನ್ ಶುಲ್ಕವೆಂದು ತಿಂಗಳಿಗೆ 18 ಯೂರೋ ಮೀರಿದ ಮೊತ್ತವೊಂದನ್ನು ಪ್ರತಿ ಮನೆಯೂ ತೆರಬೇಕು. ಟೆಲಿವಿಷನ್ ಇಲ್ಲವೆಂಬುದು ಅಲ್ಲಿ ಉತ್ತರವಾಗದು. ಆದರೆ ಒಂದು ಮನೆಗೆ ಒಂದೇ ಶುಲ್ಕವಾದುದರಿಂದ ಜೊತೆಯಲ್ಲಿರುವವರು ಅದನ್ನು ಹಂಚಿಕೊಳ್ಳಬಹುದು.

ಇನ್ನು ನೆರೆಹೊರೆಯ ನಡತೆ. ರಾತ್ರಿ 10ರಿಂದ ಬೆಳಿಗ್ಗೆ 6ರ ವರೆಗೆ ಸದ್ದು ಮಾಡಕೂಡದು. ಆದಿತ್ಯವಾರವೂ ಹಬ್ಬದ ರಜೆಯ ದಿನವೂ ಅಲ್ಲಿ ವಿಶ್ರಾಂತಿಯ ದಿನಗಳು. ಅಂಗಡಿಗಳು ಬಹುಮಟ್ಟಿಗೆ ಮುಚ್ಚಿರುತ್ತವೆ. ಅಕ್ಕಿ, ಬೇಳೆ, ಹಾಲು, ತರಕಾರಿಗಳನ್ನು ಶನಿವಾರವೇ ತಂದಿಡದ ವಿದ್ಯಾರ್ಥಿಗೆ ಮರುದಿನ ಬ್ರೆಡ್ಡಿನ ತುಂಡೇ ಗತಿ. ಕಸವನ್ನು ಕಾಗದ, ಅಡುಗೆಮನೆಯ ಹಸಿಕಸ, ಕಟ್ಟಿಬಂದ ಹೊದಿಕೆಗಳು, ಉಳಿದುದು ಎಂದು ಬೇರ್ಪಡಿಸಬೇಕು. ಗಾಜಿಗೆ ಬೀದಿಯಲ್ಲಿ ಬಣ್ಣಕ್ಕೊಂದರಂತೆ ಪೆಟ್ಟಿಗೆಗಳಿರುತ್ತವೆ. ಅವುಗಳಿಗೂ ಆದಿತ್ಯವಾರ ಗಾಜು ಎಸೆಯಬಾರದು. ಪಾನೀಯದ ಪ್ಲಾಸ್ಟಿಕ್ ಬಾಟಲಿ, ಡಬ್ಬಿಗಳಿಗೆ ಸಾಮಾನ್ಯವಾಗಿ 25 ಸೆಂಟು ಠೇವಣಿ ಹಿಡಿದಿರುತ್ತಾರೆ. ಖಾಲಿ ಬಾಟಲಿಯನ್ನು ಅಂಗಡಿಯ ಯಂತ್ರಕ್ಕೆ ಹಾಕಿದರೆ ಆ ಹಣ ಮರಳಿ ಬರುತ್ತದೆ. ಟ್ಯೂಬಿಂಗೆನ್ ನಗರಸಭೆಯು 2022ರ ಜನವರಿಯಿಂದ, ಒಮ್ಮೆ ಬಳಸಿ ಎಸೆಯುವ ಲೋಟ ತಟ್ಟೆಗಳಿಗೆ 50 ಸೆಂಟು ತೆರಿಗೆಯನ್ನೂ ವಿಧಿಸಿದೆ. ಮನೆಯಿಂದ ಒಂದು ಲೋಟವನ್ನು ಚೀಲದಲ್ಲಿಟ್ಟುಕೊಂಡು ಹೋಗುವ ನಮ್ಮ ಹಿರಿಯರ ಪದ್ಧತಿಯೇ ಅಲ್ಲಿ ಲಾಭಕರ. ನಲ್ಲಿಯ ನೀರು ಕುಡಿಯಲು ಯೋಗ್ಯವಾದುದು. ನೀರನ್ನು ಕೊಳ್ಳುವ ಅಗತ್ಯವಿಲ್ಲ.

ಚಳಿಗಾಲದಲ್ಲಿ ಕಿಟಕಿಗಳನ್ನು ಭದ್ರವಾಗಿ ಮುಚ್ಚಿ, ಒಳಗೇ ಅಡುಗೆ ಮಾಡಿ, ಬಟ್ಟೆ ಒಣಗಿಸಿದರೆ ಗೋಡೆಗೆ ಬೂಷ್ಟು ಹಿಡಿಯುತ್ತದೆ. ಅದರ ವೆಚ್ಚ ಠೇವಣಿಯಲ್ಲಿ ಕಡಿತವಾಗಬಹುದು. ದಿನಕ್ಕೆ ಎರಡು ಮೂರು ಸಲ, ಐದು ಹತ್ತು ನಿಮಿಷ, ಕಿಟಕಿಯನ್ನು ಪೂರ್ತಿ ತೆರೆದು ಗಾಳಿಯಾಡಿಸುವುದು ಅಲ್ಲಿಯವರ ವಾಡಿಕೆ. ಡಿಸೆಂಬರದಲ್ಲಿ ಹಗಲು ಎಂಟು ಗಂಟೆಗಿಂತ ಸ್ವಲ್ಪವೇ ಹೆಚ್ಚು. ಸಂಜೆ ಐದಕ್ಕೆ ಮೊದಲೇ ಕತ್ತಲಾಗುತ್ತದೆ. ಬಿಸಿಲನ್ನೇ ಕಂಡು ಬೆಳೆದ ನಮ್ಮ ಮಕ್ಕಳಿಗೆ ಆ ಕತ್ತಲೆಯು ಮನಸ್ಸಿಗೆ ಭಾರವೆನಿಸುವುದು ಸಹಜ. ಮಧ್ಯಾಹ್ನ ಬೆಳಕಿರುವಾಗ ಸ್ವಲ್ಪ ದೂರ ನಡೆಯುವುದು, ‘ಮೆನ್ಸಾ’ ಎಂಬ ವಿದ್ಯಾರ್ಥಿ ಭೋಜನಶಾಲೆಯಲ್ಲಿ ನಾಲ್ವರೊಡನೆ ಕುಳಿತು ಉಣ್ಣುವುದು ಇದಕ್ಕೆ ಒಳ್ಳೆಯ ಉಪಾಯಗಳು. ಗಂಡುಮಕ್ಕಳಾಗಲಿ ಹೆಣ್ಣುಮಕ್ಕಳಾಗಲಿ, ಊರು ಬಿಡುವ ಮುನ್ನ ಅನ್ನ, ಸಾರು, ಒಂದು ಪಲ್ಯ ಮಾಡುವುದನ್ನು ಕಲಿತಿರಬೇಕು.

ಹಣದ ವಿಚಾರವನ್ನು ಪೋಷಕರ ಗಮನಕ್ಕೆ ವಿಶೇಷವಾಗಿ ತರುತ್ತೇವೆ. ಪರವಾನಗಿಗಾಗಿ ವರ್ಷದ ಜೀವನವೆಚ್ಚವನ್ನು ಮುಂಗಡವಾಗಿ ಬ್ಯಾಂಕಿನಲ್ಲಿ ತೋರಿಸಬೇಕಾಗುತ್ತದೆ. 2024ರ ಸೆಪ್ಟೆಂಬರದಲ್ಲಿ ಆ ಮೊತ್ತವನ್ನು 11,904 ಯೂರೋ, ಎಂದರೆ ತಿಂಗಳಿಗೆ 992 ಯೂರೋ ಎಂದು ಗೊತ್ತುಪಡಿಸಿದರು. ಟ್ಯೂಬಿಂಗೆನ್ ಇರುವ ರಾಜ್ಯವು ಯುರೋಪಿಯನ್ ಒಕ್ಕೂಟದ ಹೊರಗಿನ ವಿದ್ಯಾರ್ಥಿಗಳಿಗೆ ಅರ್ಧವರ್ಷಕ್ಕೆ 1,500 ಯೂರೋ ಶುಲ್ಕವನ್ನು 2017ರಲ್ಲಿ ಜಾರಿಗೆ ತಂದಿತು. ಇಂಥ ಮೊತ್ತಗಳು ಬದಲಾಗುತ್ತಿರುವುದರಿಂದ ಆಯಾ ವರ್ಷದ ನಿಯಮವನ್ನು ವಿಚಾರಿಸಿಕೊಳ್ಳುವುದು ಲೇಸು. 2024ರ ಮಾರ್ಚಿನಿಂದ ವಿದ್ಯಾರ್ಥಿಗಳು ವರ್ಷಕ್ಕೆ 140 ಪೂರ್ಣ ದಿನ, ಅಥವಾ 280 ಅರ್ಧ ದಿನ ಕೆಲಸ ಮಾಡಬಹುದಾಗಿದೆ. ಅಡಿಕೆ ತೋಟವನ್ನು ಅಡವಿಟ್ಟು ಕಳುಹಿಸಿದ ಮನೆಯ ಮಕ್ಕಳು, ತಂದೆಗೆ ಹೊರೆಯಾಗಬಾರದೆಂದು ಸಂಪಾದನೆಗೇ ಹೊತ್ತು ಕಳೆದು ಪರೀಕ್ಷೆಗಳನ್ನು ಮುಂದೂಡುವುದುಂಟು. ಇದರಿಂದ ವರ್ಷ ಹೆಚ್ಚುತ್ತದೆ, ಸಾಲವೂ ಹೆಚ್ಚುತ್ತದೆ. ಆದುದರಿಂದ ಹಣದ ಲೆಕ್ಕವನ್ನು ತಂದೆಮಕ್ಕಳು ಮುಚ್ಚುಮರೆಯಿಲ್ಲದೆ ತಿಂಗಳಿಗೊಮ್ಮೆ ಕುಳಿತು ಮಾತನಾಡಬೇಕು.

ತಾಯಂದಿರಿಗೆ ಒಂದು ಅರಿಕೆ. ಜರ್ಮನಿಯ ಗಡಿಯಾರವು ನಮ್ಮದಕ್ಕಿಂತ ಚಳಿಗಾಲದಲ್ಲಿ ನಾಲ್ಕೂವರೆ ಗಂಟೆ, ಬೇಸಗೆಯಲ್ಲಿ ಮೂರೂವರೆ ಗಂಟೆ ಹಿಂದೆ. ನೀವು ಬೆಳಿಗ್ಗೆ ಆರಕ್ಕೆ ಎದ್ದು ಫೋನು ಮಾಡಿದರೆ ಚಳಿಗಾಲದಲ್ಲಿ ಅಲ್ಲಿ ನಡುರಾತ್ರಿ ಒಂದೂವರೆ. “ಸುಖವಾಗಿದ್ದೇನೆ” ಎಂಬ ಉತ್ತರದಿಂದಲೇ ತೃಪ್ತರಾಗದೆ, ಇಂದು ಏನು ಉಂಡೆ, ಯಾರೊಡನೆ ಮಾತನಾಡಿದೆ ಎಂದು ಕೇಳಿರಿ. ಒಂಟಿತನ ಕಾಡಿದರೆ ವಿದ್ಯಾರ್ಥಿ ಕಲ್ಯಾಣ ಸಂಸ್ಥೆಯಲ್ಲಿ ಸಲಹೆಗಾರರಿದ್ದಾರೆ. ಅಲ್ಲಿಗೆ ಹೋಗುವುದು ನಾಚಿಕೆಯ ವಿಷಯವಲ್ಲ. ಆರೋಗ್ಯವಿಮೆ ಕಡ್ಡಾಯ. ಪ್ರಾಣಾಪಾಯಕ್ಕೆ 112, ಪೋಲೀಸರಿಗೆ 110, ವೈದ್ಯರ ಕೊಠಡಿ ಮುಚ್ಚಿರುವ ಹೊತ್ತಿನ ಕಾಯಿಲೆಗೆ 116117. ಈ ಮೂರು ಸಂಖ್ಯೆಗಳನ್ನು ಬಾಯಿಪಾಠ ಮಾಡಿರಬೇಕು.

ಕೊನೆಯದಾಗಿ, ಎಲ್ಲಕ್ಕಿಂತ ಮುಖ್ಯವಾದ ಭಾಷೆಯ ವಿಚಾರ. ಪಾಠ ಇಂಗ್ಲಿಷಿನಲ್ಲಿ ನಡೆದರೂ ಬಾಡಿಗೆಯ ಕರಾರು, ಕಚೇರಿಯ ಕಾಗದ, ಅಂಗಡಿಯ ಮಾತು ಎಲ್ಲವೂ ಜರ್ಮನ್ ಭಾಷೆಯಲ್ಲಿಯೇ. ಹೋಗುವ ಮುನ್ನ ಒಂದು ವರ್ಷ ಅದನ್ನು ಕಲಿತವರಿಗೆ ನೆರೆಯವರು ಬೇಗ ಒದಗುತ್ತಾರೆ. ಈ ವಿಷಯದಲ್ಲಿ ನಮ್ಮ ಮಕ್ಕಳಿಗೆ ಅಳುಕು ಬೇಡ. ಮನೆಯಲ್ಲಿ ತುಳುವನ್ನೋ ಕೊಂಕಣಿಯನ್ನೋ ಹವ್ಯಕ ಮಾತನ್ನೋ ಆಡಿ, ಶಾಲೆಯಲ್ಲಿ ಕನ್ನಡವನ್ನು ಕಲಿತು, ಬಸ್ಸಿನಲ್ಲಿಯೂ ಕಚೇರಿಯಲ್ಲಿಯೂ ಮಲಯಾಳದಲ್ಲಿ ವ್ಯವಹರಿಸುವ ಮಕ್ಕಳು ಇವರು. ಊರಿನ ಭಾಷೆಯನ್ನು ಗೌರವದಿಂದ ಕಲಿಯುತ್ತಲೇ ತನ್ನ ಭಾಷೆಯನ್ನು ಕೈಬಿಡದಿರುವ ಅಭ್ಯಾಸ 1956ರಿಂದಲೂ ನಮ್ಮ ಮನೆಗಳಲ್ಲಿ ನಡೆದುಬಂದಿದೆ. ಕನ್ನಡ ಶಾಲೆಗೆ ಕಳುಹಿಸಿದರೆ ಮಕ್ಕಳ ಭವಿಷ್ಯಕ್ಕೆ ಕುಂದಾದೀತೆಂದು ಶಂಕಿಸುವ ಪೋಷಕರು ಇದನ್ನು ಮನಗಾಣಬೇಕೆಂದು ಪ್ರಾರ್ಥಿಸುತ್ತೇವೆ. ಕಿಟ್ಟೆಲ್ ಅವರು 1853ರಲ್ಲಿ ಭಾರತಕ್ಕೆ ಬಂದಾಗ ಅವರಿಗೂ ಇಲ್ಲಿಯ ಮಾತು ಹೊಸದಾಗಿತ್ತು. ಕೇಳಿ, ಬರೆದು, ತಿದ್ದಿಕೊಂಡು ಅವರು ಕಲಿತರು. ಹಾಗೆಯೇ ನಮ್ಮವರೂ ಅಲ್ಲಿ ಕೇಳಿ ಕಲಿಯಲಿ. ತಿಳಿಯದುದನ್ನು ನೆರೆಮನೆಯ ಬಾಗಿಲು ತಟ್ಟಿ ವಿಚಾರಿಸಲಿ.