ಕಬ್ಬಿಣ ವಯಸ್ಸು ಹೇಳುವುದಿಲ್ಲ

ಕೇಳುಗರ ಪತ್ರಗಳಲ್ಲಿ ಒಂದು ತಕರಾರು ಮತ್ತೆ ಮತ್ತೆ ಬರುತ್ತಿದೆ. ಹಳೆಯ ನಕ್ಷತ್ರಗಳಲ್ಲಿ ಲೋಹ ಕಡಿಮೆ ಎನ್ನುತ್ತಾರೆ. ಆಕಾಶಗಂಗೆಯ ನಡುವಿನ ಉಬ್ಬಿನಲ್ಲಿ ಇರುವವು ಬಹುಪಾಲು 1000 ಕೋಟಿ ವರ್ಷದ ಮುದಿ ತಾರೆಗಳು ಎಂದೂ ಹೇಳುತ್ತಾರೆ. ಹಾಗಿದ್ದೂ ಅವುಗಳಲ್ಲಿ ಎಷ್ಟೋ ತಾರೆಗಳಿಗೆ ಸೂರ್ಯನಷ್ಟೇ ಕಬ್ಬಿಣವಿದೆ, ಕೆಲವಕ್ಕೆ ಇನ್ನೂ ಹೆಚ್ಚು. ಯಾವುದನ್ನು ನಂಬುವುದು?

ಎರಡನೆಯದನ್ನೂ ಮೂರನೆಯದನ್ನೂ ನಂಬಬಹುದು. ಮೊದಲನೆಯದೇ ಅರ್ಧ ಸತ್ಯ.

ತಾರೆಯೊಂದು ಹುಟ್ಟುವ ಮುನ್ನ ಅಲ್ಲಿ ಎಷ್ಟು ತಲೆಮಾರಿನ ತಾರೆಗಳು ಉರಿದು ಸಿಡಿದಿದ್ದವು ಎಂಬುದನ್ನು ಲೋಹ ಹೇಳುತ್ತದೆ, ವಯಸ್ಸನ್ನಲ್ಲ. ಉಬ್ಬಿನಲ್ಲಿ ಅನಿಲ ದಟ್ಟವಾಗಿತ್ತು, ತಲೆಮಾರುಗಳು ಬೇಗ ಬೇಗ ಉರುಳಿದವು.

ಈ ಅವಸರಕ್ಕೆ ಸಾಕ್ಷಿ ಮೆಗ್ನೀಸಿಯಂ. ಸೂರ್ಯನ ಎಂಟು ಪಟ್ಟಿಗಿಂತ ಭಾರವಾದ ತಾರೆಗಳು ಕೆಲವೇ ಕೋಟಿ ವರ್ಷಗಳೊಳಗೆ ಸಿಡಿದು ಆಮ್ಲಜನಕವನ್ನೂ ಮೆಗ್ನೀಸಿಯಮ್ಮನ್ನೂ ಚೆಲ್ಲುತ್ತವೆ. ಕಬ್ಬಿಣದ ದೊಡ್ಡ ಪಾಲು ಬರುವುದು ಶ್ವೇತಕುಬ್ಜಗಳ ಸ್ಫೋಟದಿಂದ. ಅದಕ್ಕೆ ಹತ್ತಾರು ಕೋಟಿ, ಕೆಲವೊಮ್ಮೆ ನೂರಾರು ಕೋಟಿ ವರ್ಷ ಕಾಯಬೇಕು. ಮೆಗ್ನೀಸಿಯಂ ಮೊದಲು, ಕಬ್ಬಿಣದ ದೊಡ್ಡ ಪಾಲು ಆಮೇಲೆ. ಹಾಗಾಗಿ ಕಬ್ಬಿಣಕ್ಕೆ ಹೋಲಿಸಿದಾಗ ಮೆಗ್ನೀಸಿಯಂ ಹೆಚ್ಚಿರುವ ತಾರೆ, ಆ ಪಾಲು ಬಂದು ಸೇರುವ ಮೊದಲೇ ಹುಟ್ಟಿದ್ದು. ಇನ್ನೊಮ್ಮೆ ಹೇಳಲೇಬೇಕು: ಕಬ್ಬಿಣ ಎಷ್ಟಿದೆ ಎಂದು ನೋಡಿದರೆ ಸಾಲದು, ಕಬ್ಬಿಣಕ್ಕೆ ಮೆಗ್ನೀಸಿಯಂ ಎಷ್ಟು ಎಂದು ನೋಡಬೇಕು.

ಉಬ್ಬಿನತ್ತ ನೋಡಲು ಧೂಳಿನ ನಡುವೆ ಒಂದು ಕಿಂಡಿಯಿದೆ. ಅದನ್ನು 1940ರ ದಶಕದಲ್ಲಿ ಬಳಸಿದ ವಾಲ್ಟರ್ ಬಾಡೆ ಅವರ ಹೆಸರೇ ಅದಕ್ಕೆ ನಿಂತಿದೆ. ಅಲ್ಲಿನ ದೈತ್ಯ ತಾರೆಗಳ ರೋಹಿತವನ್ನು ಆಂಡ್ರ್ಯೂ ಮೆಕ್‌ವಿಲಿಯಂ ಮತ್ತು ಮೈಕೆಲ್ ರಿಚ್ 1994ರಲ್ಲಿ ಬಿಡಿಸಿ ನೋಡಿದರು. ಸೂರ್ಯನಷ್ಟು ಕಬ್ಬಿಣವಿರುವ ತಾರೆಗಳಲ್ಲೂ ಮೆಗ್ನೀಸಿಯಂ ಮಿಗಿಲಾಗಿತ್ತು! ಅತಿ ಹೆಚ್ಚು ಕಬ್ಬಿಣದ ತಾರೆಗಳಲ್ಲಿ ಈ ಅನುಪಾತ ಸೂರ್ಯನ ಮಟ್ಟಕ್ಕೆ ಇಳಿಯುತ್ತದೆ. ಅವುಗಳಲ್ಲಿ ಕೆಲವು ಸಾಕಷ್ಟು ಕಿರಿಯವು ಎಂದು ಥಾಮಸ್ ಬೆನ್ಸ್‌ಬಿ ತಂಡ 2017ರಲ್ಲಿ ವಾದಿಸಿತು.

‘26,000 ಜ್ಯೋತಿರ್ವರ್ಷ ದೂರ ಹೋಗಿ ನೋಡಿದವರು ಯಾರು?’ ಎಂಬ ಪ್ರಶ್ನೆ ಪ್ರತಿ ಸಭೆಯಲ್ಲೂ ಈ ಭಾಷಣಕಾರನಿಗೆ ಎದುರಾಗುತ್ತದೆ. ಹೋಗಬೇಕಿಲ್ಲ, ಬೆಳಕು ಇಲ್ಲಿಗೇ ಬರುತ್ತದೆ. ಆದರೆ ರೋಹಿತದಲ್ಲಿ ಗೆರೆ ದಪ್ಪಗಿದ್ದ ಮಾತ್ರಕ್ಕೆ ಆ ಧಾತು ಹೆಚ್ಚಿದೆ ಎಂದು ತೀರ್ಮಾನಿಸುವುದು ತಪ್ಪು. ಗೆರೆಯ ಮೇಲೆ ಉಷ್ಣತೆಯ ಪ್ರಭಾವವೂ ಇರುತ್ತದೆ. ಮೇಘನಾದ ಸಹಾ ಅವರ 1920ರ ಸಮೀಕರಣ ಕೊಟ್ಟ ಪಾಠ ಅದೇ. ಐದು ವರ್ಷದ ಬಳಿಕ ಸಿಸಿಲಿಯಾ ಪೇನ್ ಅದನ್ನು ಬಳಸಿಯೇ ತಾರೆಗಳ ಧಾತುಗಳನ್ನು ಅಳೆದರು.

ಸಮಯ ಮುಗಿಯುತ್ತಿದೆ. ಮಳೆ ಕಳೆದ ಮೇಲೆ, ಅಕ್ಟೋಬರ್ ಸಂಜೆ ಕತ್ತಲಾಗುತ್ತಲೇ, ಊರಿನ ದೀಪಗಳಿಂದ ದೂರ ನಿಂತು ನೈಋತ್ಯದ ಧನು ರಾಶಿಯತ್ತ ದುರ್ಬೀನು ಹಿಡಿಯಿರಿ. ಅಲ್ಲಿ ಕಾಣುವ ಬೆಳಕಿನ ಮೋಡ ಉಬ್ಬಿನದೇ ಭಾಗ.